ತರಗತಿಯ ಓದುವ ಮೂಲೆಗೆ ಎಲ್ಲ ಮಕ್ಕಳ ಮನೆಯೂ ಇರುವ ಪುಸ್ತಕಗಳನ್ನು ಆರಿಸುವುದು ಹೇಗೆ?

ಪ್ರಶ್ನೆ: ನಲಿ-ಕಲಿ (ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ಪದ್ಧತಿ) ಶಿಕ್ಷಕಿ, ಬೆಂಗಳೂರಿನ ಹೊರವಲಯ

ಎಲ್ಲರಿಗೂ ನಮಸ್ಕಾರ. ನನ್ನ ತರಗತಿಯ 28 ಮಕ್ಕಳಲ್ಲಿ ಕಟ್ಟಡ ಕೆಲಸಕ್ಕೆಂದು ಯಾದಗಿರಿ, ರಾಯಚೂರಿನಿಂದ ಬಂದವರ ಮಕ್ಕಳು, ಮನೆಯಲ್ಲಿ ಉರ್ದು ಇಲ್ಲವೇ ತೆಲುಗು ಆಡುವವರು, ಒಡಿಶಾದ ಅಕ್ಕ-ತಮ್ಮ ಇಬ್ಬರು ಇದ್ದಾರೆ. ಓದುವ ಮೂಲೆಯ ಪುಸ್ತಕಗಳಲ್ಲಿ ಮಾತ್ರ ಹೆಚ್ಚುಕಡಿಮೆ ಒಂದೇ ಮನೆ: ಹಂಚಿನ ಮಾಡು, ಅಂಗಳದಲ್ಲಿ ತುಳಸಿಕಟ್ಟೆ, ಕತೆ ಹೇಳುವ ಅಜ್ಜಿ. ಆ ಮನೆಯ ಬಗ್ಗೆ ನನಗೆ ತಕರಾರಿಲ್ಲ. ನಾನು ಬೆಳೆದದ್ದೂ ಅಂಥದ್ದರಲ್ಲೇ. ಆದರೆ ಕಳೆದ ವಾರ ನಿಮ್ಮ ನಿಮ್ಮ ಮನೆಯ ಚಿತ್ರ ಬರೆಯಿರಿ ಎಂದಾಗ, ತಗಡಿನ ಶೆಡ್ಡಿನಲ್ಲಿ ವಾಸಿಸುವ ಎರಡನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕವನ್ನು ತೆರೆದಿಟ್ಟುಕೊಂಡು ತುಳಸಿಕಟ್ಟೆಯನ್ನೂ ಬಿಡದೆ ನಕಲು ಮಾಡಿದಳು. ಇದು ನಿನ್ನ ಮನೆಯೇನಮ್ಮಾ ಎಂದರೆ, “ಪುಸ್ತಕದಾಗ ಮನಿ ಹಿಂಗ ಇರತೈತ್ರಿ ಟೀಚರ್” ಎಂದಳು. ದಾನಿಗಳೊಬ್ಬರು ಹೊಸ ಪುಸ್ತಕಗಳಿಗೆಂದು 5,000 ರೂಪಾಯಿ ಕೊಟ್ಟಿದ್ದಾರೆ. ಮೊದಲು ಕನ್ನಡ ಓದಲು ಬರಲಿ, ಉಳಿದದ್ದು ಆಮೇಲೆ ಎನ್ನುವುದು ಸಹೋದ್ಯೋಗಿಯೊಬ್ಬರ ಅಭಿಪ್ರಾಯ. ನಾನು ಏನನ್ನು ಕೊಳ್ಳಲಿ?

ಉತ್ತರ: ಪ್ರಾಥಮಿಕ ಶಾಲಾ ಶಿಕ್ಷಕಿ, ಉತ್ತರ ಕನ್ನಡ

ಮೇಡಂ, ನಿಮ್ಮ ಸಹೋದ್ಯೋಗಿಯ ಮಾತನ್ನು ನಾನು ಒಪ್ಪುವುದಿಲ್ಲ. ತನಗೆ ಗೊತ್ತಿರುವ ಸಂಗತಿ ಪುಟದಲ್ಲಿದ್ದರೆ ಮಗುವಿಗೆ ಓದಿದ್ದು ಸುಲಭವಾಗಿ ಅರ್ಥವಾಗುತ್ತದೆ. ಕನ್ನಡ ಕಲಿಯಲು ಅದೂ ನೆರವಾಗುತ್ತದೆ. ನಮ್ಮ ಶಾಲೆಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿದ್ದಾರೆ. ಆಫ್ರಿಕಾದ ಕತೆಯೊಂದರ ಕನ್ನಡ ಅನುವಾದವನ್ನು ತಂದಿಟ್ಟಾಗ ಒಬ್ಬ ಹುಡುಗಿ ಚಿತ್ರದಲ್ಲಿದ್ದ ಗುಂಗುರು ಕೂದಲನ್ನು ಬೆರಳಿನಿಂದ ಸವರಿ, ಅದೇ ಬೆರಳಿನಿಂದ ತನ್ನ ತಲೆಯನ್ನು ಮುಟ್ಟಿಕೊಂಡಳು. ನನಗೆ ಬಹಳ ಸಂತೋಷವಾಯಿತು. ಆದರೆ ಮಾರನೆಯ ದಿನ ಹುಡುಗನೊಬ್ಬ “ನಿಮ್ಮೂರು ಇದೇನಾ?” ಎಂದು ಅವಳನ್ನು ಕೇಳಿದ. ಶತಮಾನಗಳಿಂದ ಈ ಕಾಡಿನ ಅಂಚಿನಲ್ಲೇ ಬಾಳಿದ ಜನರ ಮಗಳು ಆ ಒಂದೇ ಪುಸ್ತಕದಿಂದಾಗಿ ಪರದೇಶದವಳಾಗಿಬಿಟ್ಟಳು. ಹೋಲುವ ಮುಖವಿದ್ದರಷ್ಟೇ ಸಾಲದು, ಅವಳ ಊರೂ ಅವಳ ಮಾತೂ ಪುಸ್ತಕದಲ್ಲಿರಬೇಕೆಂದು ನನಗೆ ಅಂದು ಮನವರಿಕೆಯಾಯಿತು.

ಉತ್ತರ: ಮಕ್ಕಳ ಗ್ರಂಥಾಲಯದ ಕಾರ್ಯಕರ್ತ, ಮೈಸೂರು

ಮಕ್ಕಳ ಪುಸ್ತಕವು ತಮ್ಮ ಬದುಕನ್ನು ತೋರುವ ಕನ್ನಡಿಯೂ ಆಗಬೇಕು, ಬೇರೆಯವರ ಬದುಕನ್ನು ತೋರುವ ಕಿಟಕಿಯೂ ಆಗಬೇಕು ಎಂದು ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ಸದಾ ಕನ್ನಡಿಯನ್ನೇ ಕಾಣುವ ಮಕ್ಕಳಿಗೂ ಅದರಿಂದ ನಷ್ಟವಿದೆ ಎಂಬ ಅವರ ಮಾತು ನಮ್ಮ ಶಾಲೆಗಳಿಗೆ ಹೆಚ್ಚು ಅನ್ವಯಿಸುತ್ತದೆ. ತಗಡಿನ ಮನೆಯ ಕತೆಯನ್ನು ಹಂಚಿನ ಮನೆಯ ಮಗುವೂ ಓದಬೇಕು.

ಕೊಳ್ಳುವಾಗ ರಂಜಾನ್, ಕ್ರಿಸ್‌ಮಸ್, ಲಂಬಾಣಿ ಉಡುಪು ಎಂದು ಹಬ್ಬ ಮತ್ತು ವೇಷವನ್ನಷ್ಟೇ ತೋರಿಸುವ ಪುಸ್ತಕಗಳಿಗೆ ದುಡ್ಡನ್ನೆಲ್ಲ ಸುರಿಯಬೇಡಿ. ಉರ್ದು ಮಾತನಾಡುವ ಹುಡುಗ ಪೆನ್ಸಿಲ್ ಕಳೆದುಕೊಂಡು ಹುಡುಕುವ ಕತೆ ಸಿಕ್ಕರೆ ಅದನ್ನು ಮೊದಲು ತನ್ನಿ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ, ಒಡಿಯಾ, ತೆಲುಗು, ಉರ್ದು ಕತೆಗಳು ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಲೂಬಹುದು. ತಂದ ಪುಸ್ತಕಗಳನ್ನು ಬೀರುವಿನಲ್ಲಿ ಜೋಡಿಸದೆ, ಮಕ್ಕಳ ಕಣ್ಣಿನ ಮಟ್ಟಕ್ಕೆ ದಾರ ಕಟ್ಟಿ, ಮುಖಪುಟ ಕಾಣುವಂತೆ ತೂಗುಹಾಕಿರಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಅರ್ಧ ಹಣದಲ್ಲಿ ಪುಸ್ತಕ ಕೊಂಡು, ಉಳಿದದ್ದನ್ನು ಮುದ್ರಣಕ್ಕೆ ಇಟ್ಟುಕೊಳ್ಳುತ್ತೇನೆ. ಒಡಿಶಾದ ಮಕ್ಕಳ ತಾಯಿಗೆ ಓದಲು ಬರುತ್ತದೆಯಂತೆ. ಶನಿವಾರ ಬೆಳಿಗ್ಗೆ ಅವರು ಒಡಿಯಾದಲ್ಲಿ ಓದಿದ ಕತೆಯನ್ನೇ ನಾನು ಕನ್ನಡದಲ್ಲಿ ಓದುವುದೆಂದು ಮಾತಾಗಿದೆ. ತಗಡಿನ ಮನೆಯ ಕತೆ ಮಾತ್ರ ಇನ್ನೂ ಸಿಕ್ಕಿಲ್ಲ. ಆ ಹುಡುಗಿ ಹೇಳಿದಂತೆ ನಾನೇ ಬರೆದುಕೊಳ್ಳೋಣವೆಂದಿದ್ದೇನೆ, ಚಿತ್ರ ಅವಳದೇ.