ಹೊಸ ಎಂ3 ಜೋರಾಗಿದೆ, ಒಪ್ಪಿದೆ. ಆದರೆ ಆ ಹಳೇ ಚುರುಕು ಉಳಿದಿದೆಯಾ?

ಆರು_ಸಿಲಿಂಡರ್:

ನೇರವಾಗಿ ಕೇಳಿಬಿಡುತ್ತೇನೆ. ಬಿಎಂಡಬ್ಲ್ಯು ಎಂ3 ಈಗಲೂ ಸ್ಪೋರ್ಟ್ಸ್ ಕಾರಾ, ಇಲ್ಲಾ ಸಿಕ್ಕಾಪಟ್ಟೆ ಜೋರಾಗಿ ಓಡುವ ಒಂದು ಸೆಡಾನ್ ಅಷ್ಟೇನಾ?

ನಾನು ಓಡಿಸುವುದು ಇ46, ಅಂದರೆ ಎಂ3ಯ ಒಂದು ಹಳೇ ತಲೆಮಾರು, ಆರು ಗೇರಿನ ಮ್ಯಾನುಯಲ್. ಈಚೆಗೆ ಗೆಳೆಯರೊಬ್ಬರ ಜಿ80 ಕಾಂಪಿಟಿಷನ್ ಎಕ್ಸ್‌ಡ್ರೈವ್ ಗಾಡಿಯನ್ನು (ಈಗಿನ ತಲೆಮಾರಿನ, ಹೆಚ್ಚು ಬಲದ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮಾದರಿ) ಬೆಟ್ಟದ ರಸ್ತೆಯಲ್ಲಿ ಸಮಾಧಾನವಾಗಿ ಓಡಿಸಲು ಸಿಕ್ಕಿತು. ಲೆಕ್ಕ ಹಾಕಿದರೆ ನನ್ನ ಗಾಡಿ ಅದರ ಹತ್ತಿರಕ್ಕೂ ಬರುವುದಿಲ್ಲ. ನನ್ನದು 343 ಹಾರ್ಸ್‌ಪವರ್, ಅದು 510. ಸೊನ್ನೆಯಿಂದ ನೂರಕ್ಕೆ ನನ್ನದು 5.2 ಸೆಕೆಂಡ್, ಅದು 3.5. ಬ್ರೇಕು, ಹಿಡಿತ, ಸೀಟು ಎಲ್ಲದರಲ್ಲೂ ಅದೇ ಮೇಲು.

ಆದರೂ ನನಗೆ ಅದು ಹತ್ತಿರ ಆಗಲಿಲ್ಲ. ನನ್ನ ಗಾಡಿಯಲ್ಲಿ ಅದೇ ರಸ್ತೆಯಲ್ಲಿ ಸಾಧಾರಣ ವೇಗದಲ್ಲಿ ಹೋದರೂ ಕೈತುಂಬ ಕೆಲಸ ಇರುತ್ತದೆ. ಎಂಜಿನ್ ಸರಿಯಾಗಿ ಎಳೆಯಬೇಕು ಅಂದರೆ ಗೇರು ಇಳಿಸಲೇಬೇಕು, 5,000 ಆರ್‌ಪಿಎಂ ದಾಟಿಸಲೇಬೇಕು, ಅಲ್ಲಿಂದ 8,000ದವರೆಗೆ ಅದು ಕೂಗುತ್ತಾ ಏರುತ್ತದಲ್ಲ, ಅದಕ್ಕೋಸ್ಕರವೇ ನಾನು ಈ ಗಾಡಿಯನ್ನು ಇನ್ನೂ ಇಟ್ಟುಕೊಂಡಿರುವುದು. ಜಿ80ಯಲ್ಲಿ ಕಾಲು ಒತ್ತಿದರೆ ಸಾಕು, ತಿರುವು ಮುಗಿದೇ ಹೋಗಿರುತ್ತದೆ. ಗಾಡಿ ಕೆಲಸ ಮಾಡಿತು, ನಾನು ಸುಮ್ನೆ ಕೂತಿದ್ದೆ.

ಇದು ಬರೀ ಹಳೇ ಗಾಡಿಯ ಮೇಲಿನ ಪ್ರೀತಿಯಾ, ಅಥವಾ ನಿಜವಾಗಿಯೂ ಏನೋ ಹೋಗಿದೆಯಾ? ಎರಡೂ ಓಡಿಸಿದವರು ಹೇಳಿ. ಹೊಸದಕ್ಕೆ ಹೋಗಬೇಕಾ ಬೇಡವಾ ಅನ್ನುವ ಯೋಚನೆಯಲ್ಲಿದ್ದೇನೆ.

ಲ್ಯಾಪ್_ಟೈಮ್:

ನಾನು ಒಪ್ಪುವುದಿಲ್ಲ. ಪ್ರತಿ ಹೊಸ ಎಂ3 ಬಂದಾಗಲೂ ಇದೇ ಮಾತು. 1986ರ ಇ30 ಎಂ3 ರೇಸಿಗೋಸ್ಕರ ಹುಟ್ಟಿದ ಗಾಡಿ. ಗ್ರೂಪ್ ಎ ಟೂರಿಂಗ್ ಕಾರ್ ರೇಸಿನಲ್ಲಿ ಇಳಿಯಬೇಕಾದರೆ ರಸ್ತೆಗೂ 5,000 ಗಾಡಿ ಮಾಡಲೇಬೇಕು ಅನ್ನುವ ನಿಯಮ ಇತ್ತು, ಅದರಿಂದ ಬಂದದ್ದು. 1992ರಲ್ಲಿ ಇ36 ಬಂತು. ಆರು ಸಿಲಿಂಡರ್, ಚಕ್ರದ ಮೇಲೆ ಉಬ್ಬಿದ ಫೆಂಡರುಗಳಿಲ್ಲದ ಸಾದಾ ಮೈ, ದಿನಾ ಓಡಿಸಬಹುದಾದ ಮೆತ್ತನೆ ಸ್ವಭಾವ. ಇ30 ಅಭಿಮಾನಿಗಳು ಆಗಲೇ ಎಂ3 ಮುಗೀತು ಅಂದಿದ್ದರು. ಇವತ್ತು ಅದೇ ಇ36 ಬಗ್ಗೆ ಎಷ್ಟು ಜನ ಆಸೆಯಿಂದ ಮಾತಾಡುತ್ತಾರೆ ನೋಡಿ.

ಚುರುಕು ಹೋಗಿದೆ ಅನ್ನುವವರು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಸಮಯಗಳನ್ನು ಒಮ್ಮೆ ನೋಡಬೇಕು. 2003ರ ಇ46 ಸಿಎಸ್‌ಎಲ್ ಅಂದರೆ ತೂಕ ಇಳಿಸಿ, ಕಾರ್ಬನ್ ಛಾವಣಿ ಹಾಕಿ, 360 ಹಾರ್ಸ್‌ಪವರ್ ಕೊಟ್ಟ ಗಾಡಿ. ಅದು ಅಲ್ಲಿ 7 ನಿಮಿಷ 50 ಸೆಕೆಂಡ್ ತೆಗೆದುಕೊಂಡಿತು. ಈಗಿನ ಎಂ3 ಟೂರಿಂಗ್, ಅಂದರೆ ಹಿಂದೆ ದೊಡ್ಡ ಡಿಕ್ಕಿ ಇರುವ ಎಸ್ಟೇಟ್ ಗಾಡಿ, 7 ನಿಮಿಷ 35 ಸೆಕೆಂಡಿನಲ್ಲಿ ಸುತ್ತಿದೆ. 2023ರ ಎಂ3 ಸಿಎಸ್ ಇನ್ನೂ ಕಡಿಮೆ, 7 ನಿಮಿಷ 29ರ ಒಳಗೆ. ಟೈರುಗಳೂ ಆಮೇಲೆ ತುಂಬಾ ಸುಧಾರಿಸಿವೆ, ಅದನ್ನು ಕಳೆದು ನೋಡಿ. ಆದರೂ ಇಷ್ಟು ತೂಕದ ಗಾಡಿ ಆ ಟ್ರ್ಯಾಕಿನಲ್ಲಿ ಹಾಗೆ ತಿರುಗುತ್ತದೆ ಅಂದರೆ ಚಾಸಿ ಮಾಡಿದವರಿಗೆ ಸ್ಪೋರ್ಟ್ ಅಂದರೆ ಏನು ಅಂತ ಚೆನ್ನಾಗಿಯೇ ಗೊತ್ತಿದೆ.

ಇನ್ನೊಂದು ಮಾತು. ನೀವು ಆ ಗಾಡಿಯನ್ನು ಯಾವ ಸೆಟ್ಟಿಂಗಿನಲ್ಲಿ ಓಡಿಸಿದಿರಿ? 4ಡಬ್ಲ್ಯುಡಿ ಸ್ಪೋರ್ಟ್‌ನಲ್ಲಿ ಹಾಕಿದರೆ ಹೆಚ್ಚಿನ ಬಲ ಹಿಂದಿನ ಚಕ್ರಗಳಿಗೇ ಹೋಗುತ್ತದೆ. 2ಡಬ್ಲ್ಯುಡಿಗೆ ಹಾಕಿದರೆ ಮುಂದಿನ ಚಕ್ರಗಳಿಗೆ ಬಲವೇ ಹೋಗುವುದಿಲ್ಲ, ಗಾಡಿ ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲೂ ಆಫ್ ಆಗುತ್ತದೆ. ಟ್ರ್ಯಾಕಿನಲ್ಲಿ ಆ ಮೋಡ್‌ನಲ್ಲಿ ಓಡಿಸಿ ಬಂದು ನಾನು ಸುಮ್ನೆ ಕೂತಿದ್ದೆ ಅಂತ ಯಾರೂ ಹೇಳಲಾರರು. ರಸ್ತೆಯಲ್ಲಿ ಮಾತ್ರ ಅದನ್ನು ಮುಟ್ಟಬೇಡಿ.

ಮುಂಚಕ್ರ:

ಲ್ಯಾಪ್_ಟೈಮ್ ಅವರೇ, ನೀವು ಹೇಳಿದ ಅಂಕಿಗಳೆಲ್ಲ ಸರಿ. ಆದರೆ ಅವರು ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ. ಅವರು ವೇಗ ಕಡಿಮೆಯಾಗಿದೆ ಅನ್ನಲಿಲ್ಲ. ಗಾಡಿ ನನ್ನ ಜೊತೆ ಮಾತಾಡಲಿಲ್ಲ ಅಂದರು.

ನನ್ನ ಪ್ರಕಾರ ಅದು ಬರೀ ಹಳೇ ನೆನಪಿನ ಮೋಹ ಅಲ್ಲ, ಕಾರಣ ಕೈಯಿಂದ ಮುಟ್ಟಿ ತೋರಿಸಬಹುದಾದಂಥದ್ದು. ಇ92ರವರೆಗೂ ಎಂ3ಗೆ ಹೈಡ್ರಾಲಿಕ್ ಸ್ಟೀರಿಂಗ್ ಇತ್ತು. 2014ರ ಎಫ್80ಯಿಂದ ಎಲೆಕ್ಟ್ರಿಕ್. ಹೈಡ್ರಾಲಿಕ್‌ನಲ್ಲಿ ಪಂಪು ಸದಾ ಎಂಜಿನ್ ಬೆಲ್ಟಿನಿಂದ ತಿರುಗುತ್ತಲೇ ಇರುತ್ತದೆ, ನೀವು ನೇರ ಹೋಗುತ್ತಿದ್ದರೂ ಪೆಟ್ರೋಲ್ ತಿನ್ನುತ್ತದೆ. ಎಲೆಕ್ಟ್ರಿಕ್ ಮೋಟಾರು ತಿರುಗಿಸುವಾಗ ಮಾತ್ರ ಕರೆಂಟ್ ಎಳೆಯುತ್ತದೆ. ಇಂಧನ ಉಳಿಯುತ್ತದೆ, ಲೇನ್ ಅಸಿಸ್ಟ್, ಪಾರ್ಕಿಂಗ್ ಅಸಿಸ್ಟ್ ಎಲ್ಲ ಅದರಿಂದಲೇ ನಡೆಯುತ್ತವೆ. ಹಾಗಾಗಿ ಇನ್ನು ವಾಪಸ್ ಬರುವುದಿಲ್ಲ, ಆ ಆಸೆ ಬಿಟ್ಟುಬಿಡಿ. ಕಳೆದುಕೊಂಡದ್ದು ಮಾತ್ರ ನಿಜ. ಆ ಮೋಟಾರು, ಅದರ ಗೇರು, ಅದನ್ನು ಆಳುವ ಸಾಫ್ಟ್‌ವೇರು, ಇಷ್ಟೂ ದಾಟಿ ಬರುವಾಗ ರಸ್ತೆಯ ಸಣ್ಣ ಸಣ್ಣ ನಡುಕ ಸತ್ತುಹೋಗಿರುತ್ತದೆ. ಗ್ಲೌಸ್ ಹಾಕಿಕೊಂಡು ಬಟ್ಟೆಯ ನೇಯ್ಗೆ ಮುಟ್ಟಿ ನೋಡಿದ ಹಾಗೆ.

ಸ್ಟೀರಿಂಗ್ ಒಂದನ್ನೇ ಬೈದರೂ ತಪ್ಪು. ಟೈರು ನೋಡಿ. ಇ46ರ ಮುಂದಿನ ಟೈರು 225, ಹಿಂದಿನದು 255. ಜಿ80 ಕಾಂಪಿಟಿಷನ್‌ನ ಮುಂದಿನ ಟೈರೇ 275, ಹಿಂದೆ 285. ಅಂದರೆ ಈಗಿನ ಗಾಡಿಯ ಮುಂದಿನ ಟೈರು ಹಳೇ ಗಾಡಿಯ ಹಿಂದಿನ ಟೈರಿಗಿಂತ ಅಗಲ! ಅಷ್ಟು ರಬ್ಬರು ಇದ್ದರೆ ಹಿಡಿತ ತುಂಬಾ ಜಾಸ್ತಿ. ಜಾಸ್ತಿ ಹಿಡಿತ ಇದ್ದರೆ ಟೈರು ಜಾರಲು ಶುರುವಾಗುವ ಹೊತ್ತಿಗೆ ನೀವು ರಸ್ತೆಯಲ್ಲಿ ಹೋಗಬಾರದಷ್ಟು ವೇಗದಲ್ಲಿರುತ್ತೀರಿ. ಗಾಡಿ ಮಾತಾಡುತ್ತದೆ, ಆದರೆ ಮಾತು ಶುರುವಾಗುವುದು ಆ ವೇಗದಲ್ಲಿ. ಇ46 ಅದಕ್ಕಿಂತ ಎಷ್ಟೋ ಕೆಳಗೇ ಬಾಯಿ ಬಿಡುತ್ತದೆ. ತಿರುವಿನ ಮಧ್ಯೆ ಮುಂದಿನ ಚಕ್ರ ಭಾರ ಹೊತ್ತುಕೊಂಡದ್ದು ಅಂಗೈಗೆ ತಿಳಿಯುತ್ತದೆ, ಕಾಲನ್ನು ಸ್ವಲ್ಪ ಎತ್ತಿದರೆ ಮೂತಿ ಒಳಗೆ ಬರುತ್ತದೆ, ಮತ್ತೆ ಒತ್ತಿದರೆ ಹಿಂಭಾಗ ಕೂತುಕೊಳ್ಳುತ್ತದೆ. ಚುರುಕು ಅಂದರೆ ನನಗೆ ಅದು.

ಲ್ಯಾಪ್ ಟೈಮಿನಲ್ಲಿ ಇದು ಕಾಣುವುದೇ ಇಲ್ಲ. ಅಷ್ಟಕ್ಕೂ ನಾವು ಯಾರೂ ದಿನಾ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಓಡಿಸುವುದಿಲ್ಲ ಅಲ್ವಾ?

ಕ್ಲಚ್_ಪೆಡಲ್:

ಸ್ಟೀರಿಂಗ್ ಬಗ್ಗೆ ಮುಂಚಕ್ರ ಅವರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ನಾನು ಎಂಜಿನ್ ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ಅರ್ಧ ಉತ್ತರ ಅಲ್ಲೇ ಇದೆ.

ಇ46ರ ಎಂಜಿನ್ನಿಗೆ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 365 ನ್ಯೂಟನ್ ಮೀಟರ್, ಅದು ಸಿಗುವುದು 4,900 ಆರ್‌ಪಿಎಂನಲ್ಲಿ. ಜಿ80 ಕಾಂಪಿಟಿಷನ್‌ಗೆ 650, ಅದೂ 2,750ರಿಂದ 5,500ರವರೆಗೆ ಒಂದೇ ಸಮ. ನೀವು ಯಾವ ಗೇರಿನಲ್ಲಿ ಇದ್ದರೂ ಬಲ ಸಿದ್ಧವಾಗಿ ಕಾಯುತ್ತಿರುತ್ತದೆ. ಹಾಗಿದ್ದಾಗ ಗೇರು ಯಾಕೆ ಇಳಿಸುತ್ತೀರಿ? ಎಂಜಿನ್ ಯಾಕೆ ಕೂಗಿಸುತ್ತೀರಿ? ಸರಿಯಾದ ಗೇರು ಆರಿಸುವುದೇ ಒಂದು ಕೈಚಳಕ ಆಗಿತ್ತು, ತಪ್ಪು ಗೇರಿನಲ್ಲಿ ತಿರುವಿಗೆ ಹೋದರೆ ಗಾಡಿ ಏಳುತ್ತಲೇ ಇರಲಿಲ್ಲ. ಈಗ ತಪ್ಪು ಗೇರು ಅನ್ನುವುದೇ ಇಲ್ಲ.

ಆಮೇಲೆ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು. ಇ30ಗೆ ನಾಲ್ಕು, ಇ46ಗೆ ಆರು, ಇ92ರ ವಿ8ಗೆ ಎಂಟು, ಅಂದರೆ ಪ್ರತಿ ಸಿಲಿಂಡರಿಗೂ ತನ್ನದೇ ಥ್ರಾಟಲ್ ಇತ್ತು, ವಾಲ್ವಿನ ಹತ್ತಿರದಲ್ಲೇ. ಕಾಲು ಅಲ್ಲಾಡಿದರೆ ಗಾಳಿ ತಕ್ಷಣ ಒಳಗೆ. ಟರ್ಬೊ ಬಂದ ಮೇಲೆ ಆ ಏರ್ಪಾಟು ಹೋಯಿತು. ಗಾಳಿ ಈಗ ಟರ್ಬೊ, ಇಂಟರ್‌ಕೂಲರ್, ಪೈಪು ಎಲ್ಲ ಸುತ್ತಿ ಬರಬೇಕು. ಜಿ80ಯ ಎಸ್58 ಎಂಜಿನ್ ಟರ್ಬೊಗಳ ಪೈಕಿ ತುಂಬಾ ಒಳ್ಳೆಯದು, 7,200ರವರೆಗೆ ಏರುತ್ತದೆ, ಗಟ್ಟಿಮುಟ್ಟು. ಆದರೆ ಪೆಡಲಿನ ಮೊದಲ ಒಂದು ಇಂಚಿನಲ್ಲಿ ಇ46 ಕೊಡುವ ಉತ್ತರ ಅದರಿಂದ ಸಿಗುವುದಿಲ್ಲ. ಸದ್ದೂ ಅಷ್ಟೇ. ಜಿ80ಯಲ್ಲಿ ಒಳಗೆ ಕೇಳುವುದರಲ್ಲಿ ಒಂದು ಪಾಲು ಸ್ಪೀಕರ್‌ನಿಂದ ಬರುವುದು. ಅದನ್ನು ಮೆನುವಿನಲ್ಲಿ ಆಫ್ ಮಾಡಬಹುದು, ಮೊದಲು ಆ ಕೆಲಸ ಮಾಡಿ.

ಆದರೆ ಒಂದು ವಿಷಯ ಎಲ್ಲರೂ ಮರೆಯುತ್ತಿದ್ದೀರಿ. ಅವರು ಓಡಿಸಿದ್ದು ಎಂಟು ಗೇರಿನ ಆಟೋಮ್ಯಾಟಿಕ್, ನಾಲ್ಕು ಚಕ್ರಕ್ಕೆ ಬಲ ಹೋಗುವ ಗಾಡಿ. ಜಿ80ಯಲ್ಲಿ ಸಾದಾ ಎಂ3 ಅಂತಲೂ ಒಂದಿದೆ. 480 ಹಾರ್ಸ್‌ಪವರ್, 550 ನ್ಯೂಟನ್ ಮೀಟರ್, ಹಿಂಚಕ್ರಕ್ಕೆ ಮಾತ್ರ ಬಲ, ಆರು ಗೇರಿನ ಮ್ಯಾನುಯಲ್. ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ, ಅದೇ ಬೇಜಾರು. ಅದರಲ್ಲಿ ಗೇರು ಇಳಿಸುವಾಗ ಆರ್‌ಪಿಎಂ ತಾನೇ ಹೊಂದಿಸುವ ಸೌಲಭ್ಯವನ್ನು ಬೇಡ ಅಂದರೆ ಆಫ್ ಮಾಡಬಹುದು. ಅದನ್ನು ಓಡಿಸದೆ ಜಿ80 ಬಗ್ಗೆ ತೀರ್ಪು ಕೊಡಬೇಡಿ. ಹೀಲ್ ಅಂಡ್ ಟೋ, ಅಂದರೆ ಒಂದೇ ಕಾಲಿನಲ್ಲಿ ಬ್ರೇಕನ್ನೂ ಆಕ್ಸಿಲರೇಟರನ್ನೂ ಒತ್ತಿ ಗೇರು ಇಳಿಸುವುದು, ಅದನ್ನು ಮಾಡಿಕೊಂಡು ಆ ಗಾಡಿ ಓಡಿಸುವಾಗ ನಿಮ್ಮ ಎರಡೂ ಕಾಲಿಗೆ ಬೇಕಾದಷ್ಟು ಕೆಲಸ ಇರುತ್ತದೆ.

ಆರು_ಸಿಲಿಂಡರ್:

ಎಲ್ಲರಿಗೂ ಥ್ಯಾಂಕ್ಸ್. ಮುಂಚಕ್ರ ಅವರು ಹೇಳಿದ ಟೈರಿನ ಮಾತು ನನಗೆ ತುಂಬಾ ಸರಿ ಅನ್ನಿಸಿತು. ಲ್ಯಾಪ್_ಟೈಮ್ ಅವರೇ, ನಾನು ಓಡಿಸಿದ್ದು 4ಡಬ್ಲ್ಯುಡಿ ಸ್ಪೋರ್ಟ್‌ನಲ್ಲಿ, ಸಸ್ಪೆನ್ಷನ್ ಸ್ಪೋರ್ಟ್ ಪ್ಲಸ್, ಸ್ಟೀರಿಂಗ್ ಸ್ಪೋರ್ಟ್. ಎಲ್ಲವನ್ನೂ ಗಟ್ಟಿ ಮಾಡಿಕೊಂಡೇ ಹೊರಟಿದ್ದೆ.

ಹಾಗಾದರೆ ತೂಕದ ಕಥೆ ಏನು? ಚಿಕ್ಕದು ಬೇಕು ಅಂದರೆ ಎಂ2 ತೆಗೆದುಕೊಂಡರೆ ಆಗುತ್ತದಾ?

ಟೈರ್_ಹುಳು:

ಮೊದಲು ಆ ಸೆಟ್ಟಿಂಗ್ ಬದಲಾಯಿಸಿ. ಬೆಟ್ಟದ ರಸ್ತೆಯಲ್ಲಿ ಸಸ್ಪೆನ್ಷನ್ ಸ್ಪೋರ್ಟ್ ಪ್ಲಸ್ ಹಾಕಿದರೆ ಚಕ್ರ ರಸ್ತೆಯ ಏರಿಳಿತಕ್ಕೆ ಕೂರುವುದಿಲ್ಲ, ಮೇಲೆ ಮೇಲೆ ಕುಣಿದುಕೊಂಡು ಹೋಗುತ್ತದೆ. ಸ್ಟೀರಿಂಗ್ ಸ್ಪೋರ್ಟ್ ಅಂದರೆ ಭಾರ ಜಾಸ್ತಿ ಅಷ್ಟೇ, ಮಾಹಿತಿ ಜಾಸ್ತಿ ಅಲ್ಲ. ಎಂಜಿನ್ ಸ್ಪೋರ್ಟ್, ಸಸ್ಪೆನ್ಷನ್ ಕಂಫರ್ಟ್, ಸ್ಟೀರಿಂಗ್ ಕಂಫರ್ಟ್, ಬ್ರೇಕ್ ಕಂಫರ್ಟ್, 4ಡಬ್ಲ್ಯುಡಿ ಸ್ಪೋರ್ಟ್. ಇಷ್ಟನ್ನು ಸ್ಟೀರಿಂಗ್ ಮೇಲಿನ ಎಂ1 ಗುಂಡಿಗೆ ಸೇವ್ ಮಾಡಿಕೊಂಡು ಇನ್ನೊಮ್ಮೆ ಓಡಿಸಿ ನೋಡಿ. ಗಾಡಿ ಉಸಿರಾಡಲು ಶುರು ಮಾಡುತ್ತದೆ, ತಿರುವಿಗೆ ವಾಲುವುದು ನಿಮಗೆ ತಿಳಿಯುತ್ತದೆ. ನಿಮ್ಮ ಇ46ರಲ್ಲಿ ಇಂಥ ಗುಂಡಿಗಳೇ ಇರಲಿಲ್ಲ, ಶಾಕ್ ಅಬ್ಸಾರ್ಬರ್ ಒಂದೇ ಹದಕ್ಕೆ ಕೂಡಿಸಿ ಕೊಟ್ಟಿದ್ದರು, ಆ ಹದ ಸರಿಯಾಗಿತ್ತು.

ತೂಕಕ್ಕೆ ಬರೋಣ. ಇ30 ಸುಮಾರು 1,200 ಕೆಜಿ. ಇ46 ಸುಮಾರು 1,500. ಜಿ80 ಮ್ಯಾನುಯಲ್ ಸುಮಾರು 1,700, ಎಕ್ಸ್‌ಡ್ರೈವ್ ಇನ್ನೂ ಮೇಲೆ. ಅಪಘಾತದ ನಿಯಮ, ದೊಡ್ಡ ಬ್ರೇಕು, ದೊಡ್ಡ ಚಕ್ರ, ಟರ್ಬೊಗೆ ಬೇಕಾದ ರೇಡಿಯೇಟರುಗಳು, ಹೊಗೆ ನಿಯಮಕ್ಕೆ ಬೇಕಾದ ಫಿಲ್ಟರು, ಎಲ್ಲ ಸೇರಿ ಹಾಗಾಗಿದೆ. ಎಂ2 ಚಿಕ್ಕದು ಅಂದುಕೊಂಡು ಹೋಗಬೇಡಿ, ಈಗಿನದು ಅದೂ 1,700 ಕೆಜಿಯೇ. ನಿಮ್ಮ ಇ46ಗಿಂತ ಉದ್ದವೂ ಹೌದು. ಎಂಜಿನ್ನೂ ಅದೇ ಎಸ್58. ಆದರೆ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, ಎಂ3ಗಿಂತ ಚಿಕ್ಕದು, ಹಿಂಚಕ್ರದ್ದೇ ಬಲ, ಮ್ಯಾನುಯಲ್ ಸಿಗುತ್ತದೆ, ಹಾಗಾಗಿ ನೋಡಬಹುದು.

ನನಗೆ ನಿಜವಾಗಿ ಹೆದರಿಕೆ ಇರುವುದು ಎಂ3 ಬಗ್ಗೆ ಅಲ್ಲ, ಎಂ5 ಬಗ್ಗೆ. 2024ರ ಜಿ90 ಎಂ5 ಪ್ಲಗ್ ಇನ್ ಹೈಬ್ರಿಡ್, 727 ಹಾರ್ಸ್‌ಪವರ್, ತೂಕ 2,400 ಕೆಜಿ ದಾಟಿದೆ. ನೂರಕ್ಕೆ 3.5 ಸೆಕೆಂಡ್. ಅದರ ಹಿಂದಿನ ಎಫ್90 ಕಾಂಪಿಟಿಷನ್ 625 ಹಾರ್ಸ್‌ಪವರ್‌ನಲ್ಲೇ 3.3 ಸೆಕೆಂಡಿನಲ್ಲಿ ಹೋಗುತ್ತಿತ್ತು. ನೂರು ಹಾರ್ಸ್‌ಪವರ್ ಸೇರಿಸಿ ನಿಧಾನವಾದ ಗಾಡಿ! ಲ್ಯಾಪ್_ಟೈಮ್ ಅವರು ಅಂಕಿ ನೋಡಿ ಅಂದರು, ಇಲ್ಲಿ ಅಂಕಿಯೇ ಹಿಂದಕ್ಕೆ ಹೋಗಿದೆ.

ಲ್ಯಾಪ್_ಟೈಮ್:

ಎಂ5 ವಿಷಯದಲ್ಲಿ ನನ್ನ ತಕರಾರಿಲ್ಲ. ಎಂ3 ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗುವುದಿಲ್ಲ.

ಕಂಪನಿಗಳು ನಮ್ಮ ಮಾತು ಕೇಳುವುದೇ ಇಲ್ಲ ಅಂತಲೂ ಅಲ್ಲ. 2013ರಲ್ಲಿ ಪೋರ್ಷೆ 911 ಜಿಟಿ3 ಬಂದಾಗ ಬರೀ ಪಿಡಿಕೆ, ಅಂದರೆ ಪೋರ್ಷೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಮ್ಯಾನುಯಲ್ಲೇ ಇಲ್ಲ. ಎಲ್ಲರೂ ಗಲಾಟೆ ಮಾಡಿದರು. 2016ರಲ್ಲಿ ಮ್ಯಾನುಯಲ್ ಮಾತ್ರ ಇದ್ದ 911 ಆರ್ ಬಂತು, ಅದಕ್ಕೆ ಜನ ಮುಗಿಬಿದ್ದರು, 2017ರ ಜಿಟಿ3ಗೆ ಮ್ಯಾನುಯಲ್ ವಾಪಸ್ ಬಂತು. ಮ್ಯಾನುಯಲ್ ಎಂ3 ಬೇಕು ಅನ್ನುವವರು ಮ್ಯಾನುಯಲ್ ಎಂ3ಯನ್ನೇ ಆರ್ಡರ್ ಮಾಡಬೇಕು. ಮಾತಲ್ಲಿ ಹೊಗಳಿ ಆಟೋಮ್ಯಾಟಿಕ್ ಕೊಂಡರೆ ಅವರಾದರೂ ಏನು ಮಾಡುತ್ತಾರೆ?

ಮುಂಚಕ್ರ:

ಆ ಕೊನೇ ಮಾತು ನೂರಕ್ಕೆ ನೂರು ನಿಜ.

ಆರು_ಸಿಲಿಂಡರ್ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ದಿನಾ ಓಡಿಸಲು, ದೂರ ಹೋಗಲು, ಆಗಾಗ ಟ್ರ್ಯಾಕಿಗೆ ಹೋಗಲು ಒಂದೇ ಗಾಡಿ ಬೇಕು ಅಂದರೆ ಜಿ80 ತೆಗೆದುಕೊಳ್ಳಿ, ಸಿಕ್ಕರೆ ಮ್ಯಾನುಯಲ್. ಬೆಳಿಗ್ಗೆ ಬೆಟ್ಟದ ರಸ್ತೆಗೆ ಮಾತ್ರ ಅಂದರೆ ಇ46 ಇಟ್ಟುಕೊಳ್ಳಿ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇವತ್ತಿನ ಎಂ3 ಸಾಲಿನಲ್ಲಿ ಇಲ್ಲ. ಇಟ್ಟುಕೊಳ್ಳುವುದಾದರೆ ಹೊಸ ಗಾಡಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಒಂದು ಸಣ್ಣ ಪಾಲು ಅದರ ಮೇಲೆ ಹಾಕಿ. ಹಿಂದಿನ ಸಬ್‌ಫ್ರೇಮ್, ಅಂದರೆ ಹಿಂದಿನ ಸಸ್ಪೆನ್ಷನ್ ಹೊರುವ ಚೌಕಟ್ಟು, ಕೂರುವ ಜಾಗದಲ್ಲಿ ತಳದ ತಗಡು ಬಿರುಕು ಬಿಡುವುದು ಇ46ರ ಗೊತ್ತಿರುವ ಕಾಯಿಲೆ. ಎತ್ತಿಸಿ, ನಾಲ್ಕೂ ಮೌಂಟಿಂಗ್ ಟಾರ್ಚ್ ಹಾಕಿ ನೋಡಿಸಿ, ಬಿರುಕು ಇಲ್ಲದಿದ್ದರೂ ಪಟ್ಟಿ ಹಾಕಿ ಗಟ್ಟಿ ಮಾಡಿಸುವುದು ಒಳ್ಳೆಯದು. ವ್ಯಾನೋಸ್ (ವಾಲ್ವ್ ತೆರೆಯುವ ಸಮಯ ಬದಲಿಸುವ ಏರ್ಪಾಟು), ಎಂಜಿನ್ನಿನ ರಾಡ್ ಬೇರಿಂಗ್ ಎರಡನ್ನೂ ತಿಳಿದವರ ಕೈಯಲ್ಲಿ ನೋಡಿಸಿ. ರಬ್ಬರ್ ಬುಷ್‌ಗಳು, ಶಾಕ್ ಅಬ್ಸಾರ್ಬರ್ ಹಳೆಯವೇ ಆಗಿದ್ದರೆ ಎಲ್ಲ ಒಟ್ಟಿಗೆ ಬದಲಾಯಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಮುಂದಿನ ಕಂಟ್ರೋಲ್ ಆರ್ಮ್ ಬುಷ್ ಮೊದಲು, ಸ್ಟೀರಿಂಗಿಗೆ ಅದರಷ್ಟು ವ್ಯತ್ಯಾಸ ಬೇರೆ ಯಾವುದರಿಂದಲೂ ಆಗುವುದಿಲ್ಲ.