ಅಡಿಕೆ ಕೊನೆ (ಗೊನೆ) ಕೊಯ್ಲಿಗೆ ಹೋಗುವವರು ಬೆಳಿಗ್ಗೆ ಏನು ತಿನ್ನುತ್ತೀರಿ? ಅನುಭವ ಹೇಳಿ

ಕೇಳಿದವರು: ತೀರ್ಥಹಳ್ಳಿ ಕಡೆಯ ಹೊಸಬ

ಈ ಹಂಗಾಮಿನಿಂದ ಅಡಿಕೆ ಕೊನೆ ತೆಗೆಯುವ ತಂಡಕ್ಕೆ ಸೇರಿದ್ದೇನೆ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಚಹಾ ಮುಗಿಸಿ ಏಳೂವರೆಗೆ ಮರ ಹತ್ತುತ್ತೇನೆ. ಹತ್ತೂವರೆ ಹೊತ್ತಿಗೆ ತೊಡೆ ನಡುಗುತ್ತದೆ, ಪಕ್ಕದ ಮರವನ್ನು ಬಾಗಿ ಹಿಡಿಯಲು ಧೈರ್ಯ ಸಾಲುವುದಿಲ್ಲ. ತೋಟದ ಮನೆಯಲ್ಲಿ ಹತ್ತಕ್ಕೆ ಚಹಾ ಮಾತ್ರ, ಊಟ ಒಂದೂವರೆಗೆ. ಅಲ್ಲಿಯವರೆಗೆ ಕಸುವು ಉಳಿಯಲು ಏನು ತಿನ್ನಬೇಕು, ಏನು ಕಟ್ಟಿಕೊಂಡು ಹೋಗಬೇಕು?

ಕೊಪ್ಪದ ಕೊನೆಗೌಡ

ಗಂಜಿ. ಬೇರೆ ಮಾತೇ ಇಲ್ಲ. ನಮ್ಮ ಅಪ್ಪ ಅರವತ್ತು ದಾಟುವವರೆಗೆ ಮರ ಹತ್ತಿದ್ದು ಕುಚ್ಚಲಕ್ಕಿ ಗಂಜಿ ಕುಡಿದು. ನಾನೂ ಅದನ್ನೇ ಕುಡಿಯುತ್ತೇನೆ. ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಯಷ್ಟು ಬೇಗ ಕರಗುವುದಿಲ್ಲ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಗಟ್ಟಿ ಮೊಸರು, ಕಲ್ಲುಪ್ಪು, ಅಪ್ಪೆಮಿಡಿ ಉಪ್ಪಿನಕಾಯಿ ಸೇರಿಸಿ ಹೊಟ್ಟೆ ತುಂಬ ಕುಡಿಯಿರಿ. ಬೆವರಿನಲ್ಲಿ ಹೋದ ಉಪ್ಪು, ನೀರು ಎರಡೂ ಅದರಲ್ಲೇ ವಾಪಸ್ ಬರುತ್ತವೆ. ಈಗಿನ ಹುಡುಗರಿಗೆ ಗಂಜಿ ಎಂದರೆ ಬಡತನ ಎಂಬ ನಾಚಿಕೆ. ನನ್ನ ತಂಡದ ಹುಡುಗನೊಬ್ಬ ಬಿಸ್ಕತ್ತು ತಿಂದು ಬರುತ್ತಿದ್ದ. ಎಷ್ಟು ಹೇಳಿದರೂ ಕೇಳಲಿಲ್ಲ, ಕಡೆಗೆ ನೆಲದಲ್ಲಿ ನಿಂತು ಹಗ್ಗ ಹಿಡಿಯುವ ಕೆಲಸಕ್ಕೆ ಇಳಿಸಿದೆ. ಅವನ ಮನೆಯವರು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಬೇಸರವಿಲ್ಲ, ಹುಡುಗ ಬದುಕಿದ್ದಾನೆ.

ಸಾಗರದ ಔಷಧಿ ಹೊಡೆಯುವವ

ನನ್ನದು ಮಳೆಗಾಲದ ಕಷ್ಟ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಕೆಲಸ, ನೆನೆದ ಮರ, ಜಾರುವ ಕಾಲು. ಪೇಟೆಯ ಅಂಗಡಿಯವನೊಬ್ಬ ‘ನಿಮ್ಮಂಥವರಿಗೇ ಮಾಡಿದ್ದು’ ಎಂದು ಪ್ರೋಟೀನ್ ಪುಡಿಯ ಡಬ್ಬಿ ಕೊಟ್ಟ. 2,650 ರೂಪಾಯಿ. ಅದನ್ನು ಕಲಸಲು ಹಾಲು ಬೇರೆ, ದಿನಕ್ಕೆ 28 ರೂಪಾಯಿ. ಅಲ್ಲಾಡಿಸುವ ಬಾಟಲಿಗೆ 350. ಕುಡಿದರೆ ಹೊಟ್ಟೆ ಉಬ್ಬರ, ಮರದ ಮೇಲೆ ಇರುವಾಗ ಹೊಟ್ಟೆ ಕೆಡುವುದು ಎಂಥ ಸಂಕಟ ಎಂದು ಹತ್ತಿದವರಿಗೇ ಗೊತ್ತು. ವೈದ್ಯರ ಶುಲ್ಕ 300, ಮಾತ್ರೆ 480, ಹೋದ ಕೂಲಿ ಬೇರೆ. ಡಬ್ಬಿ ತೆರೆದಾಗಿದೆ ಎಂದು ಅಂಗಡಿಯವನು ಹಿಂದಕ್ಕೆ ಪಡೆಯಲಿಲ್ಲ.

ಈಗ ಹುರಿದ ಶೇಂಗಾ, ಬೆಲ್ಲ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಎಣ್ಣೆಯಂಶ ಇರುವುದರಿಂದ ಹಸಿವು ತಡೆಯುತ್ತದೆ. ಜೇಬಿನಲ್ಲಿ ಹಿಡಿಯುತ್ತದೆ. ಮೈಲುತುತ್ತ ಮುಟ್ಟಿದ ಕೈಯಲ್ಲಿ ಮಾತ್ರ ತಿನ್ನಬೇಡಿ, ಸೋಪು ಹಾಕಿ ತೊಳೆಯಿರಿ.

ಶಿಕಾರಿಪುರದ ರಾಗಿಯವ

ಇಷ್ಟು ಹೊತ್ತಾದರೂ ರಾಗಿಯ ಹೆಸರು ಬರಲಿಲ್ಲ! ಘಟ್ಟದವರಿಗೆ ರಾಗಿ ಎಂದರೆ ಹಿಂದಿನಿಂದಲೂ ತಾತ್ಸಾರ. ನಾನು ಕಲ್ಲು ಒಡೆಯುವ ಕೆಲಸ ಮಾಡಿದವನು. ಮುದ್ದೆ, ಹುರುಳಿ ಸಾರು ಉಂಡು ಬಿಸಿಲಿಗೆ ಹೋದರೆ ಮಧ್ಯಾಹ್ನದವರೆಗೆ ಯಾರ ಮನೆಯ ಚಹಾಕ್ಕೂ ಕಾಯಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ (ಕ್ಯಾಲ್ಸಿಯಂ), ನಿಮ್ಮ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಕೊನೆಗೌಡರ ಗಂಜಿಯಲ್ಲಿ ನೀರೇ ಹೆಚ್ಚು.

ಕೊಪ್ಪದ ಕೊನೆಗೌಡ

ಕಲ್ಲು ಒಡೆಯುವವನು ನೆಲದ ಮೇಲೆ ನಿಂತಿರುತ್ತಾನೆ. ಕಾಲಿಗೆ ಹಗ್ಗ ಹಾಕಿ, ಹೊಟ್ಟೆಯನ್ನು ಮರಕ್ಕೆ ಒತ್ತಿಕೊಂಡು ಏರುವವನಿಗೆ ಮುದ್ದೆಯ ಭಾರ ಗಂಟಲಿಗೆ ಬರುತ್ತದೆ. ಸುಣ್ಣದ ಲೆಕ್ಕ ಎಲುಬಿಗೆ ಸರಿ, ಹತ್ತೂವರೆಯ ನಡುಕಕ್ಕೆ ಅದೇನು ಮಾಡುತ್ತದೆ? ಮರ ಹತ್ತದವರು ಇಲ್ಲಿ ತೀರ್ಪು ಕೊಡಬೇಡಿ.

ಶಿಕಾರಿಪುರದ ರಾಗಿಯವ

ಮುದ್ದೆ ಭಾರವಾದರೆ ಅಂಬಲಿ ಮಾಡಿ ಮಜ್ಜಿಗೆ ಬೆರೆಸಿ. ಅದನ್ನೂ ನಾನೇ ಹೇಳಿಕೊಡಬೇಕೇ? ಬೀಳುವ ಭಯ ಮರ ಹತ್ತುವವರಿಗೆ ಮಾತ್ರವಲ್ಲ. ನನ್ನ ಜೊತೆಯವನ ಕಾಲ ಮೇಲೆ ಬಂಡೆ ಉರುಳಿದ್ದು ಅವನಿಗೆ ತಲೆ ಸುತ್ತು ಬಂದ ಗಳಿಗೆಯಲ್ಲಿ. ಅವನು ಅವತ್ತು ಖಾಲಿ ಹೊಟ್ಟೆಯಲ್ಲಿದ್ದ.

ಹೊಸನಗರದ ಅಕ್ಕ

ಗಂಡಸರು ಗಂಜಿ, ಮುದ್ದೆ ಎಂದು ಜಗಳಾಡಿ. ಉದುರಿದ ಅಡಿಕೆ ಹೆಕ್ಕಿ, ಕೊನೆ ಹೊತ್ತು ಏರು ಹತ್ತುವವರು ನಾವು. ಉಳಿದಾಗ ಉಣ್ಣುವವರೂ ನಾವೇ. ಕಳೆದ ವರ್ಷ ಗದ್ದೆ ನಾಟಿಯಲ್ಲಿ ಕಣ್ಣು ಕತ್ತಲೆ ಬಂತು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8, ಹೆಂಗಸರಿಗೆ 12 ಇರಬೇಕು. ಪ್ರಯೋಗಾಲಯಕ್ಕೆ 250, ಆಟೋಗೆ 180, ಮತ್ತೆ ತೋರಿಸಲು ಶಿವಮೊಗ್ಗಕ್ಕೆ ಹೋಗಿ ಬಂದ ಖರ್ಚು. ‘ರಜೆ ಹಾಕಿದೆಯಲ್ಲ’ ಎಂದು ಎರಡು ದಿನದ ಕೂಲಿ ಹಿಡಿದರು, ಆ ಮನೆಯ ಹೆಸರು ಬೇಡ. ವೈದ್ಯರು ಮೊದಲು ಕೇಳಿದ್ದು ಚಹಾದ ವಿಷಯ. ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪು, ಕಾಳುಗಳ ಕಬ್ಬಿಣದಂಶ ಮೈಗೆ ಸರಿಯಾಗಿ ಸೇರುವುದಿಲ್ಲ, ನಿಂಬೆರಸ ಹಿಂಡಿದರೆ ಚೆನ್ನಾಗಿ ಸೇರುತ್ತದೆ. ಮಾತ್ರೆಯ ಜೊತೆಗೆ ಇದನ್ನೂ ಬಿಡದೆ ಮಾಡಿದೆ, ಈಗ 11 ದಾಟಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ಭಾರೀ ದುಡಿಮೆಯ ಗಂಡಸಿಗೆ ದಿನಕ್ಕೆ 3,470 ಕ್ಯಾಲೊರಿ ಬೇಕು, ಹೆಂಗಸಿಗೆ 2,720. ಕುಳಿತು ಕೆಲಸ ಮಾಡುವ ಗಂಡಸಿಗೆ 2,110 ಸಾಕು. ಯಾರ ತಟ್ಟೆಗೆ ಎಷ್ಟು ಬೀಳುತ್ತಿದೆ ಎಂದು ಮನೆಮನೆಯಲ್ಲಿ ನೋಡಿಕೊಳ್ಳಿ. ಕೊನೆಗೌಡರೇ, ಹಸಿವು ಮುಚ್ಚಲು ಕೆನ್ನೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮರ ಹತ್ತುವವರ ಬಗ್ಗೆ ನೀವೇಕೆ ಬಾಯಿ ಬಿಡಲಿಲ್ಲ? ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ತೀರ್ಥಹಳ್ಳಿಯ ತೋಟದವರು

ಅಡಿಕೆಗೆ ಕಳಂಕ ಹಚ್ಚಲು ಇಲ್ಲೂ ಬಂದಿರಾ? ನಾಲ್ಕು ತಲೆಮಾರು ಇದೇ ಬೆಳೆಯಲ್ಲಿ ಉಂಡಿದ್ದೇವೆ, ನೀವೂ ಇದೇ ತೋಟಗಳಲ್ಲಿ ಕೂಲಿ ಪಡೆದಿದ್ದೀರಿ. ‘ಚಹಾ ಮಾತ್ರ’ ಎಂಬ ಮಾತೂ ನೋವಾಯಿತು. ನಮ್ಮಲ್ಲಿ ಹತ್ತಕ್ಕೆ ದೋಸೆ ಅಥವಾ ಅವಲಕ್ಕಿ ತಪ್ಪಿಸಿದ್ದಿಲ್ಲ. ಮರ ಹತ್ತಿ ಕೊನೆ ತೆಗೆಯುವ ಕೊನೆಗೌಡರು ಸಿಗದೆ ಅಡಿಕೆ ಹಣ್ಣಾಗಿ, ಗೋಟಾಗಿ ಉದುರಿದ ವರ್ಷ, ನೆಲದಿಂದಲೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೆ 78,000 ಕೊಟ್ಟೆ, ಕಲಿಸಲು ಬಂದವನಿಗೆ 1,500, ತುದಿಯ ಕತ್ತಿ ಬದಲಿಸಲು 900. ಅದನ್ನು ಎತ್ತಿ ಹಿಡಿದು ದಿನವಿಡೀ ಕತ್ತು ಮೇಲೆತ್ತಿ ನಿಲ್ಲುವವನಿಗೂ ಊಟ ಬೇಕು, ಅದನ್ನೂ ಹಾಕುತ್ತಿದ್ದೇನೆ.

ಸಾಗರದ ಔಷಧಿ ಹೊಡೆಯುವವ

ದೋಟಿಗೆ ಹಾಕಿದ ಹಣದ ಬಡ್ಡಿಯಲ್ಲೇ ನಮ್ಮ ತಂಡಕ್ಕೆ ಹಂಗಾಮು ಪೂರ್ತಿ ಮೊಟ್ಟೆ ಕೊಡಬಹುದಿತ್ತು.

ತೀರ್ಥಹಳ್ಳಿಯ ತೋಟದವರು

ಮೊಟ್ಟೆ ನಮ್ಮ ಮನೆಯೊಳಗೆ ಬರುವುದಿಲ್ಲ. ಅದನ್ನು ಕೇಳಬೇಡಿ.

ಹೊಸನಗರದ ಅಕ್ಕ

ಮೊಟ್ಟೆ ಬೇಡ ರಾಯರೇ, ಹುರುಳಿ ಬರುತ್ತದಲ್ಲ? ಅದರಲ್ಲೂ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬೇಯಿಸಿ, ಕಾಯಿತುರಿ, ಉಪ್ಪು, ನಿಂಬೆರಸ ಹಾಕಿ. ನಮ್ಮ ಸಂತೆಯಲ್ಲಿ ಕಿಲೋಗೆ 90 ರೂಪಾಯಿ, ಎಂಟು ಜನರ ತಂಡಕ್ಕೆ ಅರ್ಧ ಕಿಲೋ ಸಾಕು. 45 ರೂಪಾಯಿ. ನಿಮ್ಮ ಮನೆಯಲ್ಲಿ ಕೊಡುತ್ತೀರಿ, ಒಪ್ಪಿದೆ. ಕೇಳಿದ ಈ ತಮ್ಮ ಹೋಗುವ ಮನೆಯಲ್ಲಿ ಕೊಡುತ್ತಿಲ್ಲ. ನಿಮ್ಮ ಊರಿನವರೇ ಇರಬಹುದು, ನೀವೇ ಒಂದು ಮಾತು ಹೇಳಿ ನೋಡಿ.