ಕಾರ್ಥೇಜ್ ನಾಶವಾದ ಮೇಲೂ ಅಲ್ಲಿನ ದೇವರು ಉಳಿದದ್ದು ಹೇಗೆ?

ಗಂಗಾವತಿ_ಓದುಗ:
ಕ್ರಿ.ಪೂ. 146ರಲ್ಲಿ ರೋಮನ್ನರು ಉತ್ತರ ಆಫ್ರಿಕಾದ (ಈಗಿನ ಟ್ಯುನೀಶಿಯಾ) ಕಾರ್ಥೇಜ್ ಊರನ್ನು ಸುಟ್ಟು ನೆಲಸಮ ಮಾಡಿದರು, ಉಳಿದ ಜನರನ್ನು ಗುಲಾಮರಾಗಿ ಮಾರಿದರು. ಆದರೂ ಅವರ ಬಾಲ್ ಹಮ್ಮೋನ್, ತಾನಿತ್ ದೇವರ ಪೂಜೆ ನೂರಾರು ವರ್ಷ ನಡೆಯಿತಂತೆ. ನಮ್ಮ ಕೊಪ್ಪಳ ಕಡೆ ಆದಿಲ್‌ಶಾಹಿ, ನಿಜಾಮ ಎಲ್ಲ ಆಳಿ ಹೋದರು, ಇವತ್ತಿಗೂ ಜನ ಹರಕೆ ಹೊತ್ತು ಹುಲಿಗೆಮ್ಮನ ಹತ್ತಿರ ಹೋಗುತ್ತಾರೆ. ಅದು ಅರ್ಥವಾಗುತ್ತದೆ, ಇಲ್ಲಿ ಊರು ಊರಾಗಿಯೇ ಉಳಿದಿದೆ. ಅಲ್ಲಿ ಊರೇ ಇಲ್ಲವಲ್ಲ?

ಬಳ್ಳಾರಿ_ಕೋಟೆ:
ಸುಟ್ಟದ್ದು ಒಂದೇ ಊರು ಅಣ್ಣ. ದೇವರು ಅದೊಂದೇ ಊರಲ್ಲಿ ಇರಲಿಲ್ಲ. ಸಿರ್ತಾ (ಈಗಿನ ಅಲ್ಜೀರಿಯಾದ ಕಾನ್‌ಸ್ಟಂಟೀನ್), ಲೆಪ್ಟಿಸ್ (ಈಗಿನ ಲಿಬಿಯಾದಲ್ಲಿ), ಮಾಲ್ಟಾ, ಸಾರ್ಡೀನಿಯಾ ಎಲ್ಲ ಕಡೆ ಪ್ಯೂನಿಕ್ (ಅಂದರೆ ಕಾರ್ಥೇಜಿನವರ ಜನ, ಭಾಷೆಯ) ದೇವರು ನೆಲೆಯೂರಿದ್ದವು. ರೋಮನ್ನರಿಗೆ ಬೇಕಿದ್ದದ್ದು ಭೂಮಿ, ಕಂದಾಯ. ಹಳ್ಳಿಯವನು ಯಾರಿಗೆ ಕೈ ಮುಗಿಯುತ್ತಾನೆ ಅನ್ನೋದರ ಗೊಡವೆಗೆ ಅವರು ಹೋಗಲಿಲ್ಲ. ಬಾಲ್ ಹಮ್ಮೋನ್‌ಗೆ ಸ್ಯಾಟರ್ನ್ ಅಂತ, ತಾನಿತ್‌ಗೆ ಕೆಲೆಸ್ಟಿಸ್ ಅಂತ ರೋಮನ್ ಹೆಸರು ಬಿತ್ತು, ಭಕ್ತರು ಅವರೇ. ಟ್ಯೂನಿಸ್ ಕೊಲ್ಲಿಯ ದಂಡೆಯಲ್ಲಿ ಬೂಕೊರ್ನೀನ್ ಅಂತ ಎರಡು ಕೊಂಬಿನ ಗುಡ್ಡ ಇದೆ. ಅದರ ಮೇಲೆ ಬಯಲಲ್ಲೇ ಪೂಜೆ ನಡೆಯುತ್ತಿತ್ತು. ಅಲ್ಲಿ ಸಿಕ್ಕ ಹರಕೆ ಕಲ್ಲುಗಳಲ್ಲಿ ಭಾಷೆ ಲ್ಯಾಟಿನ್, ದೇವರ ಹೆಸರು ಸ್ಯಾಟರ್ನ್, ಆದರೆ ಬಿರುದು ಮಾತ್ರ ‘ಎರಡು ಕೊಂಬಿನ ಒಡೆಯ’ ಅನ್ನುವ ಹಳೇ ಪ್ಯೂನಿಕ್ ಬಿರುದೇ! ದೊಡ್ಡ ಮಂದಿಯೂ ಹಾಗೇ. ಲೆಪ್ಟಿಸ್‌ನಲ್ಲಿ ಕ್ರಿ.ಶ. 1-2ರ ಸುಮಾರಿಗೆ ಅನ್ನೋಬಾಲ್ ರೂಫುಸ್ ಅನ್ನೋ ಸಾಹುಕಾರ ರಂಗಮಂದಿರ ಕಟ್ಟಿಸಿ ಲ್ಯಾಟಿನ್, ಪ್ಯೂನಿಕ್ ಎರಡರಲ್ಲೂ ಶಾಸನ ಹಾಕಿಸಿದ.

ರಾಯಚೂರು_ಇತಿಹಾಸ:
ಹೆಸರಷ್ಟೇ ಬದಲಾಯಿತು ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ ಅಣ್ಣ. ಕಾರ್ಥೇಜಿನ ತೋಫೆತ್‌ನಲ್ಲಿ (ಸುಟ್ಟ ಎಲುಬಿನ ಮಡಕೆಗಳನ್ನು ದೇವರಿಗೆ ಅಂತ ಹೂಳುತ್ತಿದ್ದ ಜಾಗ) ಮಡಕೆಗಳ ಒಳಗೆ ಸುಟ್ಟ ಹಸುಗೂಸುಗಳ ಎಲುಬು ಸಿಕ್ಕಿವೆ, ಕೆಲವು ಮಡಕೆಗಳಲ್ಲಿ ಕುರಿಮರಿ, ಮೇಕೆಮರಿಯ ಎಲುಬು. ಅವು ಬಲಿಯೋ, ಸತ್ತ ಕೂಸುಗಳ ಸಂಸ್ಕಾರವೋ ಅಂತ ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ. ಆದರೆ ರೋಮನ್ ಕಾಲದ್ದು ಅಂತ ಅಲ್ಜೀರಿಯಾದ ನ್ಗಾವುಸ್‌ನಲ್ಲಿ ಸಿಕ್ಕ ಕಲ್ಲುಗಳನ್ನು ನೋಡಿ. ಒಂದು ಕಲ್ಲು ಕೊಂಚೆಸ್ಸಾ ಅನ್ನೋ ಹೆಣ್ಣುಮಗಳು ಚೆನ್ನಾಗಿರಲಿ ಅಂತ ಹೊತ್ತ ಹರಕೆ. ‘ಉಸಿರಿಗೆ ಉಸಿರು, ರಕ್ತಕ್ಕೆ ರಕ್ತ, ಜೀವಕ್ಕೆ ಜೀವ’ ಅಂತ ಕೆತ್ತಿ, ಅವಳ ಬದಲಿಗೆ ಕುರಿಮರಿ ಕೊಟ್ಟಿದ್ದಾರೆ. ಆ ಸಾಲು ಓದಿದಾಗ ನನಗೆ ಮೈ ಜುಮ್ಮೆಂದಿತು. ಮಗು ಉಳಿಯಲಿ ಅನ್ನೋ ತಂದೆತಾಯಿಯ ಭಯ ಇರುವವರೆಗೆ ಆ ದೇವರಿಗೆ ಸಾವಿರಲಿಲ್ಲ ಅನಿಸುತ್ತದೆ.

ಗಂಗಾವತಿ_ಓದುಗ:
ತುಂಬಾ ಥ್ಯಾಂಕ್ಸ್ ಅಕ್ಕ. ಹಾಗಾದರೆ ಕೊನೆಗೆ ನಿಂತದ್ದು ಯಾವಾಗ?

ರಾಯಚೂರು_ಇತಿಹಾಸ:
ಕ್ರೈಸ್ತ ಚಕ್ರವರ್ತಿಗಳು ಬಂದ ಮೇಲೆ. ಅವರು ಹಳೇ ದೇವರಿಗೆ ಜಾಗವನ್ನೇ ಕೊಡಲಿಲ್ಲ. ಕಾರ್ಥೇಜನ್ನು ರೋಮನ್ನರೇ ಮತ್ತೆ ಕಟ್ಟಿದ್ದರಲ್ಲ, ಅಲ್ಲಿ ಕೆಲೆಸ್ಟಿಸ್‌ಗೆ ದೊಡ್ಡ ಗುಡಿ ಇತ್ತು. ಆಮೇಲೆ ಅದೇ ಸೀಮೆಯಲ್ಲಿ ಕ್ರೈಸ್ತ ಬಿಷಪ್ ಆದ ಸಂತ ಅಗಸ್ಟೀನ್, ಹರೆಯದಲ್ಲಿ ಅವಳ ಉತ್ಸವ ನೋಡಲು ಹೋಗುತ್ತಿದ್ದೆ ಅಂತ ತಾನೇ ಬರೆದಿದ್ದಾನೆ. ಅದೇ ಗುಡಿಯನ್ನು ಸುಮಾರು 399ರಲ್ಲಿ ಚರ್ಚ್ ಮಾಡಿದರು. ಆಮೇಲೂ ಸಮಾಧಾನ ಆಗದೆ 421ರ ಹೊತ್ತಿಗೆ ಕೆಡವಿಹಾಕಿದರು.

ಬಳ್ಳಾರಿ_ಕೋಟೆ:
ಗುಡಿ ಹೋಯಿತು ನಿಜ, ಭಾಷೆ ಹೋಗಲಿಲ್ಲ ನೋಡಿ. ಫುಸ್ಸಾಲ ಅನ್ನೋ ಹಳ್ಳಿಗಾಡಿಗೆ ಬಿಷಪ್ ಬೇಕಾದಾಗ ಅದೇ ಅಗಸ್ಟೀನ್ ಪ್ಯೂನಿಕ್ ಬಲ್ಲವನನ್ನೇ ಹುಡುಕಬೇಕಾಯಿತು. ನಮ್ಮ ಕಡೆಯ ರೈತರನ್ನು ನೀವು ಯಾರು ಅಂತ ಕೇಳಿದರೆ ‘ನಾವು ಕಾನಾನಿನವರು’ (ಕಾನಾನ್ ಅಂದರೆ ಕಾರ್ಥೇಜ್ ಕಟ್ಟಿದವರ ಮೂಲ ನಾಡು, ಈಗಿನ ಲೆಬನಾನ್ ಕಡೆ) ಅಂತ ಪ್ಯೂನಿಕ್‌ನಲ್ಲೇ ಹೇಳುತ್ತಾರೆ ಅಂತಲೂ ಬರೆದಿದ್ದಾನೆ. ಕಾರ್ಥೇಜ್ ಸುಟ್ಟು ಆಗಲೇ ಐನೂರು ವರ್ಷದ ಮೇಲಾಗಿತ್ತು.